ಮೈಬಣ್ಣದ ಒಪ್ಪಿಗೆ ಮತ್ತು ಆರೋಗ್ಯ

ಚರ್ಮದ ಬಣ್ಣವನ್ನು ಮುಖ್ಯವಾಗಿ ನಿರ್ಧರಿಸುವುದು ಮೆಲನಿನ್ ಎಂಬ ವರ್ಣದ್ರವ್ಯ. ಅದನ್ನು ತಯಾರಿಸುವ ಜೀವಕೋಶಗಳ ಸಂಖ್ಯೆ ಕಪ್ಪಗಿರುವವರಲ್ಲೂ ಬೆಳ್ಳಗಿರುವವರಲ್ಲೂ ಹೆಚ್ಚುಕಡಿಮೆ ಒಂದೇ. ಅವು ಎಷ್ಟು ಮೆಲನಿನ್ ತಯಾರಿಸುತ್ತವೆ, ಯಾವ ಬಗೆಯದನ್ನು ತಯಾರಿಸುತ್ತವೆ, ಅದು ಚರ್ಮದಲ್ಲಿ ಹೇಗೆ ಹರಡಿಕೊಳ್ಳುತ್ತದೆ ಎಂಬುದರಲ್ಲಷ್ಟೇ ವ್ಯತ್ಯಾಸ. ಮೆಲನಿನ್ ಬಿಸಿಲಿನ ಅತಿನೇರಳೆ ಕಿರಣಗಳನ್ನು ಹೀರಿಕೊಂಡು ಡಿಎನ್‌ಎಗೆ ಆಗುವ ಹಾನಿಯನ್ನು ತಗ್ಗಿಸುತ್ತದೆ. ಸುಡುಬಿಸಿಲಿನ ನಾಡುಗಳಲ್ಲಿ ಕಪ್ಪು ಮೈ ಬೆಳೆದುಬರಲು ಈ ರಕ್ಷಣೆಯೂ ಒಂದು ಕಾರಣ.

ಇಷ್ಟು ಉಪಕಾರಿಯಾದ ಬಣ್ಣ ಒಂದು ಕುಂದು ಎಂಬುದನ್ನು ಮಕ್ಕಳು ಮೊದಲು ಕಲಿಯುವುದು ಮನೆಯಲ್ಲೇ. ಬಾಣಂತಿಯನ್ನು ನೋಡಲು ಬಂದವರು ಕೂಸಿನ ಬಣ್ಣ ವಿಚಾರಿಸುತ್ತಾರೆ. ಬಸುರಿ ಕೇಸರಿ ಹಾಲು ಕುಡಿದರೆ ಮಗು ಬೆಳ್ಳಗೆ ಹುಟ್ಟುತ್ತದೆ ಎಂಬ ನಂಬಿಕೆ ಇನ್ನೂ ಹೋಗಿಲ್ಲ. ಮಗುವಿನ ಬಣ್ಣ ಬರುವುದು ತಂದೆತಾಯಿಯ ವಂಶವಾಹಿಗಳಿಂದ, ಕೇಸರಿಯಿಂದಲ್ಲ. ಮುಂದೆ ಶಾಲೆಯಲ್ಲಿ ಅಡ್ಡಹೆಸರು, ಮದುವೆ ಮಾತುಕತೆಯಲ್ಲಿ ಫೋಟೊ ನೋಡಿ ಎಳೆಯುವ ರಾಗ. ರಾಮ, ಕೃಷ್ಣರನ್ನು ಶ್ಯಾಮವರ್ಣದವರೆಂದು ಪೂಜಿಸುವ, ದ್ರೌಪದಿಯ ಕಪ್ಪು ಚೆಲುವನ್ನು ಕೊಂಡಾಡುವ ನಾಡಿನಲ್ಲಿ ಹೀಗಾಗುತ್ತಿರುವುದು ನೋವಿನ ಸಂಗತಿ.

ಈ ಕೀಳರಿಮೆಯ ಮೇಲೆ ದೊಡ್ಡ ಮಾರುಕಟ್ಟೆಯೇ ನಿಂತಿದೆ. 1975ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ‘ಫೇರ್ ಅಂಡ್ ಲವ್ಲಿ’ 2020ರಲ್ಲಿ ‘ಗ್ಲೋ ಅಂಡ್ ಲವ್ಲಿ’ ಆಯಿತು. ಹೆಸರು ಬದಲಾದರೂ ಬೆಳ್ಳಗಾಗುವ ಹಂಬಲ ಹಾಗೇ ಉಳಿದಿದೆ. ಅದಕ್ಕಿಂತ ಕಳವಳಕಾರಿಯಾದದ್ದು ಚೀಟಿಯಿಲ್ಲದೆ ಮೆಡಿಕಲ್ ಶಾಪಿನಲ್ಲಿ ಕೊಂಡು ಹಚ್ಚುವ ಸ್ಟಿರಾಯ್ಡ್ ಕ್ರೀಮು. ಮೊದಲ ಕೆಲವು ವಾರ ಮುಖ ತಿಳಿಯಾದಂತೆ ಕಾಣುತ್ತದೆ. ಆಮೇಲೆ ಚರ್ಮ ತೆಳುವಾಗಿ ರಕ್ತನಾಳಗಳು ಮೇಲೆ ಕಾಣತೊಡಗುತ್ತವೆ, ಮೊಡವೆ ಏಳುತ್ತದೆ, ಮುಖದ ಮೇಲೆ ಕೂದಲು ಬೆಳೆಯುವುದೂ ಉಂಟು. ಬಿಟ್ಟರೆ ಮುಖ ಕೆಂಪಾಗಿ ಉರಿಯುತ್ತದೆ. ಉರಿ ತಾಳದೆ ಮತ್ತೆ ಅದನ್ನೇ ಹಚ್ಚುತ್ತಾರೆ. ಹೀಗೆ ಸಿಕ್ಕಿಕೊಂಡವರು ಚರ್ಮವೈದ್ಯರ ಸಲಹೆಯಂತೆ ಅದರಿಂದ ಹೊರಬರಬೇಕು. ಕೆಲವು ಅಗ್ಗದ ಕ್ರೀಮುಗಳಲ್ಲಿ ಪಾದರಸವೂ ಇರುತ್ತದೆ. ಅದು ಮೆಲನಿನ್ ತಯಾರಿಯನ್ನು ತಡೆಯುತ್ತದೆ, ಚರ್ಮದ ಮೂಲಕ ಒಳಸೇರಿ ಮೂತ್ರಪಿಂಡವನ್ನೂ ಕೆಡಿಸುತ್ತದೆ.

ಆದ್ದರಿಂದ ಮೈಬಣ್ಣವನ್ನು ಒಪ್ಪಿಕೊಳ್ಳುವುದು ಮನಸ್ಸಿಗಷ್ಟೇ ಅಲ್ಲ, ದೇಹಕ್ಕೂ ಬೇಕಾದ ಚಿಕಿತ್ಸೆ. ಅದು ಒಂದೇ ದಿನಕ್ಕೆ ಆಗುವಂಥದ್ದಲ್ಲ. ಬಣ್ಣದ ಬಗ್ಗೆ ಕೇಳಿದ ಮಾತು ಯಾರದ್ದು, ಯಾವಾಗಿನದ್ದು ಎಂದು ಗುರುತಿಸಿಕೊಂಡರೆ ಅದು ತನ್ನ ಸ್ವಂತ ಅಭಿಪ್ರಾಯವಲ್ಲ ಎಂಬುದು ತಿಳಿಯುತ್ತದೆ. ಫೋಟೊ ಬೆಳ್ಳಗೆ ಮಾಡುವ ಫಿಲ್ಟರ್ ಬಿಡುವುದು, ‘ಕಪ್ಪಿಗೆ ಒಪ್ಪಲ್ಲ’ ಎಂದು ದೂರವಿಟ್ಟ ಬಣ್ಣದ ಸೀರೆ ಉಡುವುದು, ಮಕ್ಕಳ ಎದುರು ಬಣ್ಣ ಹೋಲಿಸುವ ನೆಂಟರನ್ನು ಅಲ್ಲೇ ತಡೆಯುವುದು ಚಿಕ್ಕವಾದರೂ ಫಲಕೊಡುವ ಹೆಜ್ಜೆಗಳು. ಕೀಳರಿಮೆ ಊಟ, ನಿದ್ದೆ, ಓದು, ಕೆಲಸವನ್ನು ಕೆಡಿಸುವ ಮಟ್ಟಕ್ಕೆ ಹೋಗಿದ್ದರೆ ಆಪ್ತಸಮಾಲೋಚಕರ ನೆರವು ಪಡೆಯಬೇಕು.

ಒಪ್ಪಿಕೊಳ್ಳುವುದೆಂದರೆ ಚರ್ಮವನ್ನು ಕಡೆಗಣಿಸುವುದಲ್ಲ. ಕಪ್ಪು ಚರ್ಮಕ್ಕೂ ಸುಡುಬಿಸಿಲಿನಲ್ಲಿ ನೆರಳು ಬೇಕು, ಒಣಗಿದರೆ ಎಣ್ಣೆಯೋ ಮಾಯಿಶ್ಚರೈಸರೋ ಬೇಕು. ಹುಟ್ಟಿನ ಬಣ್ಣವೇ ಬೇರೆ, ಹೊಸದಾಗಿ ಕಾಣಿಸಿಕೊಂಡ ಬದಲಾವಣೆಯೇ ಬೇರೆ. ಕತ್ತಿನ ಹಿಂಭಾಗ, ಕಂಕುಳು ದಪ್ಪಗಾಗಿ ಕಪ್ಪಾದರೆ ಅನೇಕರು ಕೊಳೆಯೆಂದು ತಿಕ್ಕುತ್ತಾರೆ. ಅದು ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬುದರ ಸೂಚನೆಯಾಗಿರಬಹುದು; ಆಗ ಬೇಕಾದದ್ದು ರಕ್ತದ ಸಕ್ಕರೆ ಪರೀಕ್ಷೆ.