ಹುಳುಕು ಹಲ್ಲು: ಬರುವ ಮೊದಲೇ ತಡೆಯುವ ಬಗೆ

ಕೊಳೆರೋಗಕ್ಕೆ ಮಳೆ ಹಿಡಿಯುವ ಮೊದಲೇ ಬೋರ್ಡೋ ದ್ರಾವಣ ಹೊಡೆಯಬೇಕೆಂಬುದು ನಮಗೆಲ್ಲ ತಿಳಿದದ್ದೇ. ಕಾಯಿ ಉದುರತೊಡಗಿದ ಮೇಲೆ ಹೊಡೆದರೆ ಖರ್ಚು ಹೆಚ್ಚು, ಫಲ ಕಡಿಮೆ. ಹಲ್ಲಿನ ವಿಷಯವೂ ಹೀಗೆಯೇ. ಆದರೆ ನಿದ್ದೆಗೆಡಿಸುವ ನೋವು ಬಂದ ಮೇಲೆಯೇ ನಮ್ಮಲ್ಲಿ ಹೆಚ್ಚಿನವರಿಗೆ ವೈದ್ಯರ ನೆನಪು. ಅಷ್ಟರಲ್ಲಿ ಹಲ್ಲು ಕೀಳಿಸುವುದೊಂದೇ ದಾರಿ ಉಳಿದಿರುವುದುಂಟು.

ಹುಳುಕಿನಲ್ಲಿ ಹುಳುವಿಲ್ಲ

ಹೆಸರು ಕೇಳಿದರೆ ಕಾಫಿ ಗಿಡದ ಕಾಂಡಕೊರಕದಂತೆ ಯಾವುದೋ ಹುಳು ಹಲ್ಲನ್ನು ಕೊರೆಯುತ್ತದೆಂದು ತೋರುತ್ತದೆ. ವಾಸ್ತವವಾಗಿ ಹಲ್ಲಿನ ಮೇಲೆ ಕಟ್ಟುವ ಅಂಟು ಪದರದಲ್ಲಿರುವ ಬ್ಯಾಕ್ಟೀರಿಯಾಗಳು ನಾವು ತಿಂದ ಸಕ್ಕರೆಯನ್ನು ಆಮ್ಲವಾಗಿ ಮಾರ್ಪಡಿಸುತ್ತವೆ. ಮಣ್ಣು ಪರೀಕ್ಷೆ ಮಾಡಿಸಿದ ಬೆಳೆಗಾರರಿಗೆ ಮುಂದಿನ ಮಾತು ಸುಲಭವಾಗಿ ಅರ್ಥವಾದೀತು. ಹಲ್ಲಿನ ಮೇಲಿನ ಪಿ.ಹೆಚ್. ಸುಮಾರು 5.5ಕ್ಕಿಂತ ಕೆಳಗಿಳಿದರೆ ಹೊರಕವಚದ ಸುಣ್ಣದಂಶ ಕರಗತೊಡಗುತ್ತದೆ. ಜೊಲ್ಲು ಈ ಆಮ್ಲವನ್ನು ತೊಳೆದು, ಕಳೆದ ಸುಣ್ಣದಂಶವನ್ನು ಮತ್ತೆ ತುಂಬಿಕೊಡುತ್ತದೆ. ಆಮ್ಲ ಇಳಿಯಲು ಸಾಮಾನ್ಯವಾಗಿ ಅರ್ಧದಿಂದ ಒಂದು ಗಂಟೆ ಬೇಕು.

ಆದ್ದರಿಂದ ಎಷ್ಟು ಸಿಹಿ ತಿಂದೆವು ಎಂಬುದರಷ್ಟೇ ಎಷ್ಟು ಸಲ ತಿಂದೆವು ಎಂಬುದೂ ಮುಖ್ಯ. ಊಟದೊಂದಿಗೆ ಹೋಳಿಗೆ ತಿಂದವರ ಹಲ್ಲಿಗೆ ಒಂದೇ ಪೆಟ್ಟು. ಗಂಟೆಗೊಮ್ಮೆ ಸಿಹಿ ಕಾಫಿ ಗುಟುಕರಿಸುವವರ ಹಲ್ಲಿಗೆ ಚೇತರಿಸಿಕೊಳ್ಳಲು ಬಿಡುವೇ ಇಲ್ಲ. ಇದರಲ್ಲಿ ಕಾಫಿಯ ತಪ್ಪೇನಿಲ್ಲ, ತಪ್ಪು ಸಕ್ಕರೆಯದು. ಬೆಲ್ಲ, ಜೇನುತುಪ್ಪಗಳೂ ಈ ವಿಷಯದಲ್ಲಿ ಸಕ್ಕರೆಯ ಬಂಧುಗಳೇ. ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ನೀಡಿದ ಸಲಹೆಯಂತೆ ದಿನಕ್ಕೆ ಸುಮಾರು 25 ಗ್ರಾಂ, ಅಂದರೆ ಆರು ಚಮಚದೊಳಗೆ ಸಕ್ಕರೆ ಇದ್ದರೆ ಉತ್ತಮ. ಲೋಟಕ್ಕೆ ಎರಡು ಚಮಚದಂತೆ ಮೂರು ಲೋಟಕ್ಕೇ ಆ ಲೆಕ್ಕ ಮುಗಿಯಿತು.

ಆರನೆಯ ವರ್ಷದ ದವಡೆ ಹಲ್ಲು

ಮಕ್ಕಳಿಗೆ ಆರು ವರ್ಷದ ಸುಮಾರಿಗೆ ಹಾಲುಹಲ್ಲುಗಳ ಹಿಂದೆ ಹೊಸ ದವಡೆ ಹಲ್ಲು ಮೂಡುತ್ತದೆ. ಯಾವ ಹಲ್ಲೂ ಬೀಳದೆ ಇದು ಬರುವುದರಿಂದ ತಂದೆತಾಯಿಗಳು ಇದನ್ನೂ ಹಾಲುಹಲ್ಲೆಂದು ತಿಳಿದು ಹುಳುಕಾದರೂ ಸುಮ್ಮನಿರುತ್ತಾರೆ. ಇದು ಶಾಶ್ವತ ಹಲ್ಲು. ಹೋದರೆ ಮತ್ತೆ ಬರುವುದಿಲ್ಲ. ಹಾಲುಹಲ್ಲನ್ನೂ ಅಲಕ್ಷಿಸಬಾರದು, ಏಕೆಂದರೆ ಮುಂದೆ ಬರುವ ಹಲ್ಲಿಗೆ ಅದು ಜಾಗ ಕಾದಿಡುತ್ತದೆ.

ಅಡಿಕೆಯ ಮಾತು

ಅಡಿಕೆ ನಮ್ಮ ಅನ್ನ. ಹಾಗೆಂದು ನಿಜವನ್ನು ಮುಚ್ಚಿಡುವುದು ಸದಸ್ಯರಿಗೆ ಹಿತವಲ್ಲ. 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ತಂಬಾಕು ಬೆರೆಸದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿತು. ಬೆಳೆಗಾರರ ಕಡೆಯಿಂದ ಇದಕ್ಕೆ ಆಕ್ಷೇಪವಿದೆ. ಆ ಚರ್ಚೆ ಏನೇ ಇರಲಿ, ಸದಾ ಅಡಿಕೆ ಜಗಿಯುವವರಲ್ಲಿ ಕೆನ್ನೆಯ ಒಳಪದರ ಬಿಗಿದು ಬಾಯಿ ತೆರೆಯಲಾಗದ ಸ್ಥಿತಿ ಬರುವುದನ್ನು ದಂತವೈದ್ಯರು ನಿತ್ಯ ಕಾಣುತ್ತಿದ್ದಾರೆ. ಬಾಯಿ ತೆರೆಯದವರ ಹಿಂದಿನ ಹಲ್ಲಿಗೆ ಬ್ರಷ್ಷೂ ತಲುಪದು, ವೈದ್ಯರ ಉಪಕರಣವೂ ತಲುಪದು. ಕರ್ನಾಟಕದಲ್ಲಿ ಗುಟ್ಕಾ 2013ರಲ್ಲೇ ನಿಷೇಧವಾಗಿದೆ. ಸಿಹಿ ಅಡಿಕೆಪುಡಿಯ ಪೊಟ್ಟಣವನ್ನು ಮಕ್ಕಳ ಕೈಗೆ ಕೊಡದಿರುವ ಹೊಣೆ ಮನೆಯವರದು.

ನೀರು

ಬಯಲುಸೀಮೆಯ ಸದಸ್ಯರು ಇದನ್ನು ವಿಶೇಷವಾಗಿ ಗಮನಿಸಬೇಕು. ಪಾವಗಡ, ಕೋಲಾರದ ಕಡೆಯ ಆಳದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದುಂಟು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರು ಮಕ್ಕಳ ಹಲ್ಲಿಗೆ ಕಂದು ಕಲೆ ತರುತ್ತದೆ. ಇದು ಹುಳುಕಲ್ಲ. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಬೋರ್‌ವೆಲ್ ಕೊರೆಸಿದವರು ಕುಡಿಯುವ ಮೊದಲು ನೀರನ್ನು ಪರೀಕ್ಷೆ ಮಾಡಿಸಬೇಕು.

ಓದಿಗೆ ಹೋದ ಮಕ್ಕಳು

ಬೆಂಗಳೂರಿನ ಅನ್ನಪೂರ್ಣೇಶ್ವರಿ ನಗರ, ನಾಗರಭಾವಿಯಂಥ ಬಡಾವಣೆಗಳಲ್ಲಿ ಮನೆ ಅಥವಾ ಕೋಣೆ ಮಾಡಿ ಮಕ್ಕಳನ್ನು ಓದಿಸುವ ಬೆಳೆಗಾರರಿದ್ದಾರೆ. ಅಲ್ಲಿ ಬೇಕರಿಯ ಬನ್ನು, ಬಾಟಲಿಯ ಪಾನೀಯ ಕೈಗೆಟಕುವಷ್ಟು ಹತ್ತಿರ. ದಂತವೈದ್ಯರೂ ಅಷ್ಟೇ ಹತ್ತಿರ. ತೋಟದಿಂದ ಪೇಟೆಗೆ ಬಸ್ಸು ಹಿಡಿಯಬೇಕಾದ ನಮಗೆ ಇಲ್ಲದ ಅನುಕೂಲ ಅದು. ಮಕ್ಕಳನ್ನು ನೋಡಲು ಹೋದಾಗ ಹಿರಿಯರೂ ಒಮ್ಮೆ ಹಲ್ಲು ತೋರಿಸಿಕೊಂಡು ಬರಬಹುದು. 1958ರಲ್ಲಿ ಆರಂಭವಾದ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿದೆ.

ಪಾಲಿಸಬೇಕಾದ ಕ್ರಮಗಳು

1. ಫ್ಲೋರೈಡ್ ಇರುವ ಪೇಸ್ಟಿನಿಂದ ದಿನಕ್ಕೆ ಎರಡು ಸಲ, ಎರಡು ನಿಮಿಷ ಹಲ್ಲುಜ್ಜಬೇಕು. ರಾತ್ರಿಯದನ್ನು ತಪ್ಪಿಸಬಾರದು, ನಿದ್ದೆಯಲ್ಲಿ ಜೊಲ್ಲು ಕಡಿಮೆ.
2. ಮೂರು ವರ್ಷದೊಳಗಿನ ಮಕ್ಕಳಿಗೆ ಅಕ್ಕಿಕಾಳಿನಷ್ಟು, ಆರು ವರ್ಷದವರೆಗೆ ಬಟಾಣಿಯಷ್ಟು ಪೇಸ್ಟು ಸಾಕು. ನುಂಗದಂತೆ ಹಿರಿಯರು ನೋಡಿಕೊಳ್ಳಬೇಕು.
3. ಇದ್ದಿಲು, ಇಟ್ಟಿಗೆಪುಡಿಗಳಿಂದ ಉಜ್ಜಿದರೆ ಕವಚ ಸವೆಯುತ್ತದೆ. ಇವನ್ನು ಬಿಡಬೇಕು.
4. ಊಟಗಳ ನಡುವೆ ಸಿಹಿಯ ಬದಲು ಕಡಲೆಕಾಯಿ, ಸೌತೆಕಾಯಿ, ಸಕ್ಕರೆಯಿಲ್ಲದ ಮಜ್ಜಿಗೆ ಇರಲಿ. ಹಾಲಿನ ಸೀಸೆ ಬಾಯಲ್ಲಿಟ್ಟು ಮಗುವನ್ನು ಮಲಗಿಸಬಾರದು.
5. ನೋವಿರಲಿ, ಇಲ್ಲದಿರಲಿ, ವರ್ಷಕ್ಕೊಮ್ಮೆಯಾದರೂ ಹಲ್ಲು ತೋರಿಸಬೇಕು.

ಇದೇ ಮಾತನ್ನು ತೋಟದ ಲೈನ್ ಮನೆಗಳ ಕಾರ್ಮಿಕರಿಗೂ ಸದಸ್ಯರು ತಿಳಿಸಬೇಕೆಂದು ಕೋರುತ್ತೇವೆ. ಹಲ್ಲುನೋವಿನಿಂದ ಒಬ್ಬರಿಗೆ ಒಂದು ದಿನದ ಕೂಲಿ ತಪ್ಪಿದರೂ, ಆ ಹಣ ಒಂದು ಬ್ರಷ್ಷು ಪೇಸ್ಟಿನ ಬೆಲೆಗಿಂತ ಹೆಚ್ಚು.