ಕಂಬಂ ಕಣಿವೆಯ ದೇವರು ಆವು

ಮಾಟ್ಟು ಪೊಂಗಲಿನಂದು ಕಂಬಂ ಪಟ್ಟಣದ ನಂದಗೋಪಾಲಸ್ವಾಮಿಯ ದನದ ದೊಡ್ಡಿಗೆ ಸುತ್ತಣ ಊರುಗಳ ಜನ ಹರಿದುಬರುತ್ತಾರೆ. ಅಲ್ಲಿ ಪೂಜೆಗೊಳ್ಳುವುದು ಜೀವಂತ ಹಿಂಡು. ಇಂದು ಅದಕ್ಕೆ ತಮಿಳಿನಲ್ಲಿ ‘ತಂಬಿರಾನ್ ಮಾಡು’ ಎಂದು ಹೆಸರು. 1906ರ ಮಧುರೆ ಜಿಲ್ಲಾ ಗೆಜೆಟಿಯರಿನಲ್ಲಾದರೋ ಅದು ‘ದೇವರು ಆವು’. ಆವು ಎಂದರೆ ಹಸು. ಹಳಗನ್ನಡ ಪದ್ಯಗಳನ್ನು ಓದುವ ನಿಮ್ಮ ಮಕ್ಕಳಿಗೆ ಅಪರಿಚಿತ ಪದವಲ್ಲ. ಪಟ್ಟದ ಹೋರಿ ತೀರಿಕೊಂಡರೆ ಹಿಂಡಿನ ಮುಂದೆ ಕಬ್ಬನ್ನು ಇಡುತ್ತಿದ್ದರು. ಮೊದಲು ಬಂದು ಮೆದ್ದ ಹೋರಿಗೇ ಪಟ್ಟ. ಉತ್ತರಾಧಿಕಾರದ ವ್ಯಾಜ್ಯಗಳು ಇಷ್ಟು ಸುಲಭವಾಗಿ ತೀರುವುದನ್ನು ನನ್ನ ವೃತ್ತಿಯಲ್ಲಿ ನಾನು ಕಂಡಿಲ್ಲ.

ಈ ಹಿಂಡನ್ನು ಕಾಪಾಡಿಕೊಂಡು ಬಂದವರು ಬಹು ಹಿಂದೆ ಕನ್ನಡನಾಡಿನಿಂದ ಇಳಿದುಬಂದ ಒಕ್ಕಲಿಗ ಕಾಪ್ಪಿಲಿಯರು. ತೇನಿ, ದಿಂಡಿಗಲ್ ಸೀಮೆಯ ಈ ಮನೆಗಳಲ್ಲಿ ಕನ್ನಡ ಮಾತಾಗಿ ಉಳಿದಿದೆ, ಬರಹವಾಗಿ ಇಲ್ಲ. ಶಾಲೆ ತಮಿಳಿನದು ಅಥವಾ ಇಂಗ್ಲಿಷಿನದು. ಆದರೂ ಮೊದಲು ಸವೆಯುವುದು ಅಡುಗೆಮನೆಯ ಕನ್ನಡವಲ್ಲ, ದನದ ಹಿಂದೆ ಬೆಟ್ಟ ಹತ್ತುವವರ ಕನ್ನಡ ಎಂದು ನನ್ನ ಅಭಿಪ್ರಾಯ. ಮೇಯಿಸುವ ಕೆಲಸವೇ ನಿಂತರೆ ಅದರ ಪದಗಳನ್ನು ಆಡುವವರು ಯಾರು?

ಆ ಕೆಲಸಕ್ಕೆ ಈಗ ಕುತ್ತು ಬಂದಿದೆ. ತೇನಿಯ ಮೇಘಮಲೆಗೆ ಸಂಬಂಧಿಸಿದ ಪ್ರಕರಣದಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯವು 2022ರ ಮಾರ್ಚಿನಲ್ಲಿ ತಮಿಳುನಾಡಿನ ಎಲ್ಲ ಅರಣ್ಯಗಳಲ್ಲಿಯೂ ದನ ಮೇಯಿಸುವುದನ್ನು ನಿಷೇಧಿಸಿತು. ಅದೇ ತಿಂಗಳಲ್ಲಿ ನಿಷೇಧವನ್ನು ರಾಷ್ಟ್ರೀಯ ಉದ್ಯಾನ, ಅಭಯಾರಣ್ಯ ಮತ್ತು ಹುಲಿ ಸಂರಕ್ಷಿತ ಪ್ರದೇಶಗಳಿಗೆ ಸೀಮಿತಗೊಳಿಸಿತು. ಮೇಘಮಲೆಯಾದರೋ 2021ರಲ್ಲಿಯೇ ಹುಲಿ ಸಂರಕ್ಷಿತ ಪ್ರದೇಶವಾಗಿತ್ತು. ಸಡಿಲಿಕೆಯ ಫಲ ಅಲ್ಲಿಯ ಮಲೆದನಗಳಿಗೆ ದೊರೆಯಲಿಲ್ಲ.

ಬೇರೊಂದು ನಾಡಿನ ತೀರ್ಪು ಇಲ್ಲಿ ನೆನಪಾಗುತ್ತದೆ. ಸ್ವೀಡನ್ನಿನ ಉತ್ತರದಲ್ಲಿ ಸಾಮಿ ಜನ ಹಿಮಸಾರಂಗಗಳನ್ನು ಮೇಯಿಸುತ್ತಾರೆ. ಅವರ ನಿತ್ಯಜೀವನವೂ ಬದಲಾಗಿದೆ: ಹಿಂಡಿನ ಹಿಂದೆ ಈಗ ಹಿಮದ ಮೇಲೋಡುವ ಮೋಟಾರು ವಾಹನ, ಬಹುಪಾಲು ಸಾಮಿಗಳಿಗೆ ಹಿಮಸಾರಂಗವೇ ಇಲ್ಲ, ಅನೇಕ ಮನೆಗಳಲ್ಲಿ ಮಾತೂ ಸ್ವೀಡಿಷ್. ಗಿರ್ಯಾಸ್ ಎಂಬ ಅವರ ಸಮುದಾಯವೊಂದು ತನ್ನ ಪ್ರದೇಶದ ಬೇಟೆ ಮತ್ತು ಮೀನುಗಾರಿಕೆಗೆ ಪರವಾನಗಿ ಕೊಡುವ ಹಕ್ಕಿಗಾಗಿ ಸರಕಾರದೊಡನೆ ವ್ಯಾಜ್ಯ ಹೂಡಿತ್ತು. 2020ರ ಜನವರಿ 23ರಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಅನಾದಿಕಾಲದ ಬಳಕೆಯ ಆಧಾರದಲ್ಲಿ ಅದನ್ನು ಎತ್ತಿಹಿಡಿಯಿತು. ಬರೆದಿಟ್ಟುಕೊಳ್ಳುವ ರೂಢಿಯಿಲ್ಲದ ಜನರಿಂದ ಹಳೆಯ ಕಾಗದಪತ್ರಗಳನ್ನು ನಿರೀಕ್ಷಿಸಲಾಗದೆಂದು ಸಾಕ್ಷ್ಯದ ಬಿಗಿಯನ್ನೂ ಸಡಿಲಿಸಿತು. ವಕೀಲನಾಗಿ ನನಗೆ ಮುಖ್ಯವೆನಿಸುವುದು ಈ ಕೊನೆಯ ಮಾತೇ.

ಏಕೆಂದರೆ ನಮ್ಮ ಕಾನೂನಿನಲ್ಲಿಯೂ ಅದಕ್ಕೆ ಎಡೆಯಿದೆ. 2006ರ ಅರಣ್ಯ ಹಕ್ಕು ಕಾಯ್ದೆ ಮೇಯಿಸುವಿಕೆಯನ್ನು ಹಕ್ಕೆಂದು ಮನ್ನಿಸುತ್ತದೆ. ಅಭಯಾರಣ್ಯಗಳಿಗೂ ಅದು ಅನ್ವಯಿಸುತ್ತದೆ. ಪರಿಶಿಷ್ಟ ಪಂಗಡಕ್ಕೆ ಸೇರದವರು 2005ರ ಡಿಸೆಂಬರ್ 13ಕ್ಕೆ ಮುನ್ನ ಮೂರು ತಲೆಮಾರು, ಅಂದರೆ 75 ವರ್ಷ, ಮುಖ್ಯವಾಗಿ ಅರಣ್ಯದಲ್ಲಿ ನೆಲೆಸಿ ಅದನ್ನೇ ನಂಬಿ ಬಾಳಿದ್ದನ್ನು ತೋರಿಸಬೇಕು. ತಗ್ಗಿನ ಊರುಗಳಲ್ಲಿ ಮನೆಯುಳ್ಳವರಿಗೆ ಇದು ಕಠಿಣವಾದ ಷರತ್ತು. ಗೆಲುವು ಖಚಿತವೆಂದು ನಾನು ಹೇಳಲಾರೆ. ಆದರೆ ಕಾಯ್ದೆಯ ನಿಯಮಗಳು ಸಾಕ್ಷ್ಯವೆಂದು ಒಪ್ಪುವ ದಾಖಲೆಗಳಲ್ಲಿ ಗೆಜೆಟಿಯರುಗಳಿವೆ. ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯೂ ಇದೆ, ಅದನ್ನು ಬರಹಕ್ಕೆ ಇಳಿಸಿರಬೇಕು.

ಯಾವ ಹಾದಿಯಲ್ಲಿ ಹಿಂಡು ಬೆಟ್ಟ ಹತ್ತುತ್ತಿತ್ತು, ಎಲ್ಲಿ ನೀರು ಕುಡಿಯುತ್ತಿತ್ತು, ಎಲ್ಲಿ ರಾತ್ರಿ ತಂಗುತ್ತಿತ್ತು ಎಂಬುದನ್ನು ಬಲ್ಲ ಅಜ್ಜಂದಿರು ಅದನ್ನು ಹೇಳುವುದು ಕನ್ನಡದಲ್ಲಿ. ಬರೆದುಕೊಳ್ಳಬೇಕಾದ ಮೊಮ್ಮಕ್ಕಳಿಗೆ ಬರುವುದು ತಮಿಳು ಲಿಪಿ. ಆ ಲಿಪಿಯಲ್ಲಿಯೇ ಆಗಲಿ, ಅಜ್ಜನ ಮಾತನ್ನು ಅವನು ಆಡಿದಂತೆಯೇ ಈ ವರ್ಷವೇ ಬರೆದುಕೊಳ್ಳಿರೆಂದು ಕೇಳಿದವರಿಗೆಲ್ಲ ಹೇಳುತ್ತಿದ್ದೇನೆ.