ಕೈ ಚಿಕಿತ್ಸೆಗೆ ಪಳಗಿದ ಕೈ ಬೇಕು



ಈ ಹೊತ್ತು ಗೊಬ್ಬರದ ಮಾತಿಲ್ಲ, ಬಿತ್ತನೆಯ ಮಾತಿಲ್ಲ. ಕೈ ಮತ್ತು ನರಗಳ ಶಸ್ತ್ರಚಿಕಿತ್ಸೆ ಮಾಡುವ ಡಾಕ್ಟರುಗಳು ಅದನ್ನು ಹೇಗೆ ಕಲಿಯುತ್ತಾರೆ, ಎಷ್ಟು ವರ್ಷ ಕಲಿಯುತ್ತಾರೆ ಎಂಬ ಬಗ್ಗೆ ನಾಲ್ಕು ಮಾತು ಹೇಳಬೇಕಾಗಿದೆ. "ಅವರ ಓದು ಕಟ್ಟಿಕೊಂಡು ನಮಗೇನಾಗಬೇಕು?" ಅಂತ ನೀವು ಕೇಳಬಹುದು. ಕೇಳಬೇಕಾದ್ದೇ.

ಆದರೆ ನೋಡಿ, ನಮ್ಮ ಬೇಸಾಯವೆಲ್ಲ ಕೈಯ ಮೇಲೆ ನಿಂತಿದೆ. ಪೈರು ನೆಡುವುದು ಕೈ, ಕಳೆ ಕೀಳುವುದು ಕೈ, ಹಾಲು ಕರೆಯುವುದು ಕೈ. ಮೊದಲು ಈ ಕೈಗೆ ಕುಡುಗೋಲು ಮಚ್ಚುಗಳ ಭಯ ಒಂದಿತ್ತು. ಈಗ ಅದರ ಜೊತೆಗೆ ಮೇವು ಕತ್ತರಿಸುವ ಮಿಷನ್ನು, ಒಕ್ಕಣೆ ಮಿಷನ್ನು, ಕಬ್ಬಿನ ಗಾಣ, ತಿರುಗುವ ಬೆಲ್ಟು, ರಸ್ತೆಗೆ ಹೊರಟರೆ ಮೋಟಾರ್ ಸೈಕಲ್ಲು. ಕಣ್ಣು ಮಿಟುಕಿಸುವಷ್ಟರಲ್ಲಿ ಅನಾಹುತ ಆಗಿಹೋಗುತ್ತದೆ. ಆಮೇಲೆ ಆ ಕೈ ಮತ್ತೆ ಗುದ್ದಲಿ ಹಿಡಿಯುತ್ತದೋ ಇಲ್ಲವೋ ಎಂಬುದಕ್ಕೆ ಗಾಯ ಎಷ್ಟು ದೊಡ್ಡದು ಎಂಬುದೊಂದೇ ಲೆಕ್ಕವಲ್ಲ. ಎಷ್ಟು ಬೇಗ ಹೋದಿರಿ, ಯಾರ ಬಳಿಗೆ ಹೋದಿರಿ ಎಂಬುದೂ ಅಷ್ಟೇ ಮುಖ್ಯ. ಆ "ಯಾರು" ಎಂಬುದು ತಿಳಿಯಬೇಕಾದರೆ ಅವರ ಕಲಿಕೆಯನ್ನು ಸ್ವಲ್ಪ ತಿಳಿಯಬೇಕು.

ಮೊದಲು ಕೈಯೊಳಗೆ ಏನಿದೆ ನೋಡೋಣ. ಹಳ್ಳಿಯಲ್ಲಿ ನಾವು ಎಲ್ಲಕ್ಕೂ "ನರ" ಅಂದುಬಿಡುತ್ತೇವೆ. ನೀಲಿಯಾಗಿ ಉಬ್ಬಿ ಕಾಣುವುದೂ ನರ, ಮಣಿಕಟ್ಟಿನಲ್ಲಿ ಬಿಗಿಯಾಗಿ ಎದ್ದು ನಿಲ್ಲುವುದೂ ನರ. ನಿಜವಾಗಿ ಅಲ್ಲಿ ಮೂರು ಬೇರೆ ಬೇರೆ ವಸ್ತುಗಳಿವೆ. ರಕ್ತ ಹರಿಯುವುದು ರಕ್ತನಾಳ. ಬಿಗಿದ ಹುರಿಯ ಹಾಗಿರುವುದಕ್ಕೆ ಡಾಕ್ಟರುಗಳು ಟೆಂಡನ್ ಅನ್ನುತ್ತಾರೆ. ಬೆರಳು ಮಡಚುವ ದೊಡ್ಡ ಮಾಂಸಖಂಡಗಳು ಬೆರಳಲ್ಲಿಲ್ಲ, ಮುಂಗೈಯಲ್ಲಿವೆ. ಅವು ಈ ಹುರಿಗಳನ್ನು ಎಳೆದಾಗ ಬೆರಳು ಮಡಚುತ್ತದೆ. ಮೂರನೆಯದು ನಿಜವಾದ ನರ. ಅದು ಕರೆಂಟಿನ ವೈರಿನ ಹಾಗೆ. ಮಿದುಳಿನ ಅಪ್ಪಣೆಯನ್ನು ಮಾಂಸಖಂಡಕ್ಕೆ ತರುತ್ತದೆ, ಬಿಸಿ, ತಣುಪು, ಮುಳ್ಳು ಚುಚ್ಚಿದ್ದನ್ನು ಮಿದುಳಿಗೆ ಮುಟ್ಟಿಸುತ್ತದೆ. ಕೈಗೆ ಇಂಥ ಮುಖ್ಯ ನರಗಳು ಮೂರು. ಒಂದು ಕೈಯಲ್ಲಿ 27 ಮೂಳೆ. ಇವೆಲ್ಲ ಒಂದು ಅಂಗೈಯ ಅಗಲದಲ್ಲಿ ಒತ್ತೊತ್ತಾಗಿ ಕೂತಿವೆ.

ತೊಂದರೆ ಇರುವುದೇ ಇಲ್ಲಿ. ಮೂಳೆ ಕೂಡಿಸುವ ಡಾಕ್ಟರು ಬೇರೆ, ಚರ್ಮ ಕಸಿ ಮಾಡುವವರು ಬೇರೆ, ರಕ್ತನಾಳ ನೋಡುವವರು ಬೇರೆ. ಮಿಷನ್ನಿಗೆ ಸಿಕ್ಕಿದ ಕೈಯಲ್ಲಿ ನಾಲ್ಕೂ ಒಟ್ಟಿಗೆ ಕೆಟ್ಟಿರುತ್ತವೆ. ನಾಲ್ಕು ಜನ ನಾಲ್ಕು ದಿನ ಒಂದೊಂದು ಕೆಲಸ ಮಾಡಿದರೆ ಆದೀತೇ? ಒಬ್ಬರೇ ಎಲ್ಲವನ್ನೂ ಬಲ್ಲವರಾಗಿರಬೇಕು. ಎರಡನೆಯ ಮಹಾಯುದ್ಧದಲ್ಲಿ ಕೈಗೆ ಗಾಯವಾದ ಸಿಪಾಯಿಗಳು ಲೆಕ್ಕವಿಲ್ಲದಷ್ಟು ಬಂದಾಗ ಅಮೆರಿಕದಲ್ಲಿ ಈ ಮಾತು ಎಲ್ಲರಿಗೂ ಮನದಟ್ಟಾಯಿತು. ಡಾ. ಸ್ಟರ್ಲಿಂಗ್ ಬನೆಲ್ ಎಂಬವರು 1944ರಲ್ಲಿ ಕೈಯ ಶಸ್ತ್ರಚಿಕಿತ್ಸೆಗೆಂದೇ ಒಂದು ಗ್ರಂಥ ಪ್ರಕಟಿಸಿದರು. ಸೈನ್ಯದ ಆಸ್ಪತ್ರೆಗಳಲ್ಲಿ ಕೈಗೇ ಮೀಸಲಾದ ವಿಭಾಗಗಳನ್ನು ನಿಲ್ಲಿಸಿ ಡಾಕ್ಟರುಗಳನ್ನು ಪಳಗಿಸಿದರು. 1946ರಲ್ಲಿ ಅಲ್ಲಿ ಕೈ ಶಸ್ತ್ರವೈದ್ಯರ ಸಂಘವೇ ಹುಟ್ಟಿತು.

ನಮ್ಮ ಪಕ್ಕದಲ್ಲೇ ಇನ್ನೊಂದು ದೊಡ್ಡ ಕೆಲಸ ನಡೆಯಿತು. ತಮಿಳುನಾಡಿನ ಕೊಲ್ಲಿಬೆಟ್ಟದ ಸೀಮೆಯಲ್ಲಿ 1914ರಲ್ಲಿ ಹುಟ್ಟಿದ ಇಂಗ್ಲಿಷ್ ಡಾಕ್ಟರು ಪಾಲ್ ಬ್ರಾಂಡ್. ಅವರು ವೈದ್ಯ ಓದುವ ಮೊದಲು ಇಂಗ್ಲೆಂಡಿನಲ್ಲಿ ಗಾರೆ ಕೆಲಸ, ಮರಗೆಲಸ ಕಲಿತವರು. 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಕುಷ್ಠರೋಗಿಗಳ ಬೆರಳು ಕೊಕ್ಕೆಯಂತೆ ಮಡಚಿಕೊಂಡಿರುವುದನ್ನು ಕಂಡು, ಹೀಗೇಕೆ ಅಂತ ಹುಡುಕಿದರು. ರೋಗ ಕೆಲವು ನರಗಳನ್ನು ಮಾತ್ರ ಕೆಡಿಸುತ್ತದೆ, ಮುಂಗೈಯ ಎಷ್ಟೋ ಮಾಂಸಖಂಡಗಳು ಬಲವಾಗಿಯೇ ಉಳಿದಿರುತ್ತವೆ ಎಂಬುದು ತಿಳಿಯಿತು. ಹಾಗಾದರೆ ಬಲವಾದ ಮಾಂಸಖಂಡದ ಹುರಿಯನ್ನು ಬಿಡಿಸಿ, ದಾರಿ ಬದಲಿಸಿ, ಸತ್ತುಹೋದ ಮಾಂಸಖಂಡದ ಕೆಲಸಕ್ಕೆ ಕಟ್ಟಬಾರದೇಕೆ? ಜೋಡಿಯಲ್ಲಿ ಒಂದು ಎತ್ತು ಮಲಗಿದರೆ ಇನ್ನೊಂದು ಕಡೆಯಿಂದ ಎತ್ತು ತಂದು ನೊಗಕ್ಕೆ ಹೂಡುವುದಿಲ್ಲವೆ, ಹಾಗೆ. 1948ರ ಹೊತ್ತಿಗೆ ಅಂಥ ಶಸ್ತ್ರಚಿಕಿತ್ಸೆ ಶುರುವಾಯಿತು. ಅನ್ನದ ತುತ್ತು ಎತ್ತಲಾರದ ಕೈಗಳು ಮತ್ತೆ ಕೆಲಸ ಹಿಡಿದವು. ವೆಲ್ಲೂರಿನಲ್ಲೂ ಅದರ ಹತ್ತಿರದ ಕರಿಗಿರಿಯಲ್ಲೂ ಈ ವಿದ್ಯೆ ಕಲಿಯಲು ಬೇರೆ ಬೇರೆ ದೇಶಗಳಿಂದ ಡಾಕ್ಟರುಗಳು ಬಂದರು.

ಆಮೇಲೆ ಬಂದದ್ದು ಸೂಕ್ಷ್ಮದರ್ಶಕದ ಕಾಲ. 1962ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ 12 ವರ್ಷದ ಹುಡುಗನ ತುಂಡಾದ ತೋಳನ್ನು ಕೂಡಿಸಿದರು. 1963ರಲ್ಲಿ ಚೀನಾದ ಶಾಂಘೈನಲ್ಲಿ ಒಬ್ಬ ಕಾರ್ಮಿಕನ ಹಸ್ತವನ್ನು ಕೂಡಿಸಿದರು. 1965ರಲ್ಲಿ ಜಪಾನಿನಲ್ಲಿ ಡಾ. ಕೊಮಾಟ್ಸು, ಡಾ. ತಮಾಯಿ ಇಬ್ಬರೂ ಪೂರಾ ತುಂಡಾದ ಹೆಬ್ಬೆರಳನ್ನು ಸೂಕ್ಷ್ಮದರ್ಶಕದ ಕೆಳಗೆ ಕೂಡಿಸಿ ಜೀವ ಬರಿಸಿದರು. ಬೆರಳಿನ ರಕ್ತನಾಳ ಸುಮಾರು 1 ಮಿಲಿಮೀಟರ್ ದಪ್ಪ. ಅದನ್ನು ಹೊಲಿಯುವ ದಾರ ನಮ್ಮ ತಲೆಗೂದಲಿಗಿಂತ ತೆಳು. ಕೈ ಒಂದಿಷ್ಟು ನಡುಗಿದರೂ ಹೊಲಿಗೆ ಕೆಟ್ಟಿತು, ರಕ್ತ ಹೆಪ್ಪುಗಟ್ಟಿತು, ಬೆರಳು ಕಪ್ಪಾಯಿತು!

ಇದನ್ನು ಪುಸ್ತಕ ಓದಿ ಕಲಿಯುವುದಕ್ಕಾಗುವುದಿಲ್ಲ. ನಮ್ಮ ದೇಶದ ಲೆಕ್ಕ ಕೇಳಿ. ಎಂ.ಬಿ.ಬಿ.ಎಸ್. ಓದು ಆಸ್ಪತ್ರೆಯ ದುಡಿಮೆಯೂ ಸೇರಿ ಐದೂವರೆ ವರ್ಷ. ಮೂಳೆಯದೋ ಸಾಮಾನ್ಯ ಶಸ್ತ್ರಚಿಕಿತ್ಸೆಯದೋ ಎಂ.ಎಸ್. ಓದು ಮೂರು ವರ್ಷ. ಕೆಲವರು ಅದರ ಮೇಲೆ ಪ್ಲಾಸ್ಟಿಕ್ ಸರ್ಜರಿ ಓದುತ್ತಾರೆ, ಅದಕ್ಕೆ ಇನ್ನೂ ಮೂರು ವರ್ಷ. ಇಷ್ಟೆಲ್ಲ ಮುಗಿದು ಅವರು ಪೂರಾ ಡಾಕ್ಟರೇ ಆಗಿರುತ್ತಾರೆ. ಆದರೂ ಕೈ ಮತ್ತು ನರದ ಕೆಲಸವನ್ನೇ ಹಿಡಿಯಬೇಕೆನ್ನುವವರು ಮತ್ತೆ ಶಿಷ್ಯರಾಗುತ್ತಾರೆ. ಇದಕ್ಕೆ ಫೆಲೋಶಿಪ್ ಎಂದು ಹೆಸರು. ರಾಷ್ಟ್ರೀಯ ಪರೀಕ್ಷಾ ಮಂಡಳಿಯ ಕೈ ಮತ್ತು ಸೂಕ್ಷ್ಮ ಶಸ್ತ್ರಚಿಕಿತ್ಸೆಯ ಫೆಲೋಶಿಪ್ ಎರಡು ವರ್ಷದ್ದು. ಕೊಯಮತ್ತೂರಿನ ಗಂಗಾ ಆಸ್ಪತ್ರೆಯಂಥ ಕಡೆ ದೇಶ ವಿದೇಶದ ಡಾಕ್ಟರುಗಳು ಬಂದು ಈ ಕೆಲಸ ಕಲಿಯುತ್ತಾರೆ.

ಅಲ್ಲಿ ಮಾಡುವುದೇನು? ಮೊದಲು ಸೂಕ್ಷ್ಮದರ್ಶಕದ ಕೆಳಗೆ ರಬ್ಬರ್ ಹಾಳೆ ಕೊಯ್ದು ಹೊಲಿಯುತ್ತಾರೆ. ಆಮೇಲೆ ಅಂಗಡಿಯಿಂದ ತಂದ ಕೋಳಿಕಾಲಿನ ರಕ್ತನಾಳವನ್ನು ಹೊಲಿದು, ನೀರು ಬಿಟ್ಟು, ಸೋರುತ್ತದೆಯೇ ಅಂತ ನೋಡುತ್ತಾರೆ. ಸೋರಿದರೆ ಬಿಚ್ಚಿ ಮತ್ತೆ ಹೊಲಿಗೆ. ಕೈ ಪಳಗಿದ ಮೇಲೆ ಗುರುಗಳ ಎದುರಿಗೆ ನಿಂತು ರೋಗಿಗೆ ಚಿಕಿತ್ಸೆ. ನಡುರಾತ್ರಿ ಗಾಯದ ಕೈ ಬಂದರೆ ಬೆಳಗಿನ ತನಕ ನಿಂತೇ ಕೆಲಸ. ಯಾವ ಬೆರಳು ಉಳಿಸಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಚನೆ ಹೀಗೆ ನೂರಾರು ಕೈ ನೋಡಿದ ಮೇಲೆಯೇ ಬರುವುದು. ಹೊಲಿದ ಬೆರಳನ್ನು ಯಾವ ದಿನದಿಂದ ಎಷ್ಟು ಅಲುಗಾಡಿಸಬೇಕು ಎಂಬ ಪಾಠವೂ ಉಂಟು. ಅಲುಗಾಡಿಸದಿದ್ದರೆ ಟೆಂಡನ್ನು ಸುತ್ತಲಿನ ಮಾಂಸಕ್ಕೆ ಅಂಟಿಕೊಳ್ಳುತ್ತದೆ; ಹೆಚ್ಚು ಎಳೆದರೆ ಕಿತ್ತುಬರುತ್ತದೆ.

ಇನ್ನು ನರದ ವಿಷಯ. ಇದನ್ನು ಕಬ್ಬು ಬೆಳೆಯುವವರು ಬೇಗ ತಿಳಿಯುತ್ತೀರಿ. ಕತ್ತರಿಸಿದ ನರವನ್ನು ಹೊಲಿದ ಕೂಡಲೇ ಕರೆಂಟು ಹರಿಯುವುದಿಲ್ಲ. ಗಾಯದಿಂದ ಆಚೆಗಿನ ಎಳೆಗಳೆಲ್ಲ ಸತ್ತುಹೋಗುತ್ತವೆ. ಕೂಳೆ ಕಬ್ಬಿನಲ್ಲಿ ಬುಡದಿಂದ ಹೊಸ ಮೋಸು ಏಳುವ ಹಾಗೆ, ಕತ್ತರಿಸಿದ ಜಾಗದಿಂದ ಹೊಸ ಎಳೆ ಚಿಗುರಿ ಹಳೆಯ ಕೊಳವೆಯೊಳಗೆ ಮುಂದಕ್ಕೆ ಹೋಗಬೇಕು. ಡಾಕ್ಟರು ಹೊಲಿಯುವುದು ಆ ಚಿಗುರಿಗೆ ದಾರಿ ಮಾಡುವುದಕ್ಕೆ. ಅದು ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್, ತಿಂಗಳಿಗೆ ಸುಮಾರು ಒಂದು ಅಂಗುಲ. ಮಣಿಕಟ್ಟಿನಲ್ಲಿ ಕತ್ತರಿಸಿದ್ದರೆ ಬೆರಳ ತುದಿಗೆ ಸ್ಪರ್ಶ ಬರಲು ಏಳೆಂಟು ತಿಂಗಳು ಬೇಕು. "ಆಪರೇಷನ್ ಆಗಿ ಎರಡು ತಿಂಗಳಾಯ್ತು, ಏನೂ ಗುಣ ಕಾಣ್ಲಿಲ್ಲ" ಅಂತ ಕೈಬಿಡಬಾರದು.

ಮೋಟಾರ್ ಸೈಕಲ್ಲಿನಿಂದ ಬಿದ್ದು ಹೆಗಲ ಮೇಲಿನ ನರಗಳು ಕಿತ್ತುಹೋದರೆ ತೋಳು ಜೋತುಬೀಳುತ್ತದೆ. ಅಲ್ಲಿಂದ ಬೆರಳಿಗೆ ಎರಡು ಅಡಿಗೂ ಹೆಚ್ಚು ದೂರ. ನರದ ಅಪ್ಪಣೆಯಿಲ್ಲದ ಮಾಂಸಖಂಡ ಒಂದು, ಒಂದೂವರೆ ವರ್ಷದಲ್ಲಿ ಬತ್ತಿಹೋಗುತ್ತದೆ. ಆಮೇಲೆ ನರ ಬಂದು ತಲುಪಿದರೂ ಬೆಳೆ ಒಣಗಿದ ಮೇಲೆ ಬಂದ ಮಳೆಯ ಹಾಗೆ. ಅದಕ್ಕೇ 1994ರಲ್ಲಿ ಫ್ರಾನ್ಸಿನ ಡಾ. ಓಬರ್ಲಿನ್ ಮತ್ತು ಸಂಗಡಿಗರು ಒಂದು ಉಪಾಯ ಪ್ರಕಟಿಸಿದರು. ಬೆರಳಿಗೆ ಹೋಗುವ ನರ ಚೆನ್ನಾಗಿದ್ದರೆ ಅದರ ಒಂದು ಎಳೆಯನ್ನು ತೋಳಿನಲ್ಲೇ ಬಿಡಿಸಿ, ಮೊಣಕೈ ಮಡಚುವ ಮಾಂಸಖಂಡದ ನರಕ್ಕೆ ಕೂಡಿಸುವುದು. ನಮ್ಮ ಕಾಲುವೆ ಮೇಲೆಲ್ಲೋ ಒಡೆದಾಗ ಪಕ್ಕದ ಕಾಲುವೆಗೆ ಒಂದು ತೂಬಿಟ್ಟು ನೀರು ತಿರುಗಿಸಿಕೊಂಡ ಹಾಗೆ. ದೂರ ಕಡಿಮೆ, ಕೆಲವೇ ತಿಂಗಳಲ್ಲಿ ಫಲ. ಆದರೆ ಇಂಥ ಚಿಕಿತ್ಸೆ ಪೆಟ್ಟಾದ ಆರು ತಿಂಗಳೊಳಗೆ ನಡೆದರೆ ಒಳ್ಳೆಯದು. ಜೋತುಬಿದ್ದ ತೋಳಿಗೆ ಎಣ್ಣೆ ತಿಕ್ಕಿಸುತ್ತಾ ವರ್ಷ ಕಳೆದರೆ ಎಂಥ ಪಳಗಿದ ಡಾಕ್ಟರೂ ಮಾಡುವುದು ಸ್ವಲ್ಪವೇ.

ಈಗ ಮನೆಯಲ್ಲಿ ಎಲ್ಲರೂ ನೆನಪಿಡಬೇಕಾದ್ದು.

ಕೈಗೆ ಗಾಯವಾದರೆ ಮೊದಲು ಮಿಷನ್ನು ನಿಲ್ಲಿಸಿ. ಶುಭ್ರವಾದ ಬಟ್ಟೆಯನ್ನು ಗಾಯದ ಮೇಲೆ ಒತ್ತಿ ಹಿಡಿದು, ಕೈಯನ್ನು ಎದೆಗಿಂತ ಮೇಲಕ್ಕೆ ಎತ್ತಿ. ಅರಿಸಿನ, ಕಾಫಿಪುಡಿ, ಸುಣ್ಣ ಯಾವುದನ್ನೂ ಹಾಕಬೇಡಿ. ಉಂಗುರ, ಬಳೆ ಇದ್ದರೆ ಕೈ ಊದುವ ಮೊದಲೇ ತೆಗೆಯಿರಿ. 108ಕ್ಕೆ ಫೋನು ಮಾಡಿ.

ಬೆರಳು ತುಂಡಾಗಿದ್ದರೆ ಹುಡುಕಿ ಎತ್ತಿಕೊಳ್ಳಿ, ಎಸೆಯಬೇಡಿ. ಕೊಳೆ ಇದ್ದರೆ ಶುದ್ಧ ನೀರಲ್ಲಿ ಮೆಲ್ಲಗೆ ತೊಳೆಯಿರಿ, ತಿಕ್ಕಬೇಡಿ. ಒದ್ದೆ ಮಾಡಿ ಹಿಂಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ. ಆ ಚೀಲವನ್ನು ಮಂಜುಗಡ್ಡೆ ಬೆರೆಸಿದ ನೀರಿನ ಪಾತ್ರೆಯಲ್ಲಿಡಿ. ಬೆರಳಿಗೆ ಮಂಜುಗಡ್ಡೆ ನೇರವಾಗಿ ತಾಗಕೂಡದು. ತೋಳು, ಮುಂಗೈ ತುಂಡಾಗಿದ್ದರೆ ಸುಮಾರು 6 ಗಂಟೆಯೊಳಗೆ ರಕ್ತ ಹರಿಯುವಂತಾಗಬೇಕು. ಬೆರಳು ಇನ್ನೂ ಸ್ವಲ್ಪ ಹೊತ್ತು ತಾಳುತ್ತದೆ. ಎಲ್ಲ ಬೆರಳನ್ನೂ ಕೂಡಿಸುವುದಕ್ಕೆ ಆಗುವುದಿಲ್ಲ. ಜಜ್ಜಿಹೋದದ್ದು ಕೂಡುವುದು ಕಷ್ಟ. ಅದನ್ನು ತೀರ್ಮಾನಿಸುವುದು ಡಾಕ್ಟರಿಗೆ ಬಿಟ್ಟದ್ದು.

ಸಣ್ಣ ಗಾಯವೆಂದು ಹೊಲಿಗೆ ಹಾಕಿಸಿಕೊಂಡು ಬಂದರೂ ಮೂರು ಪರೀಕ್ಷೆ ಮಾಡಿ. ಬೆರಳ ತುದಿ ಮುಟ್ಟಿದರೆ ಗೊತ್ತಾಗುತ್ತದೆಯೆ? ಪ್ರತಿ ಬೆರಳೂ ಮಡಚುತ್ತದೆಯೆ? ಪ್ರತಿ ಬೆರಳೂ ನೆಟ್ಟಗಾಗುತ್ತದೆಯೆ? ಯಾವುದಾದರೂ ಒಂದು ಇಲ್ಲವಾದರೆ, ಚರ್ಮ ಕೂಡಿತೆಂದು ಸುಮ್ಮನಿರಬೇಡಿ. "ನರ, ಟೆಂಡನ್ನು ಏನಾದರೂ ಕತ್ತರಿಸಿದೆಯೆ, ಕೈ ಸರ್ಜನ್ನರು ಎಲ್ಲಿದ್ದಾರೆ?" ಅಂತ ಆ ದಿನವೇ ಡಾಕ್ಟರನ್ನು ಕೇಳಿ. ಗಾಯವೇ ಇಲ್ಲದೆ ಚರ್ಮದ ಮೇಲೆ ಸ್ಪರ್ಶವಿಲ್ಲದ ಮಚ್ಚೆ ಕಂಡರೆ, ಬೆರಳು ಸೋತರೆ, ಕುಷ್ಠದ ಪರೀಕ್ಷೆ ಮಾಡಿಸಿ. ನಾಚಿಕೆ ಬೇಡ. ಸರ್ಕಾರಿ ಆಸ್ಪತ್ರೆಯಲ್ಲಿ ಅದರ ಔಷಧಿ ಉಚಿತ, ಬೇಗ ಹಿಡಿದರೆ ಕೈ ಉಳಿಯುತ್ತದೆ.

ಕಡೆಯದಾಗಿ, ಆಪರೇಷನ್ ಆದ ಮೇಲೆ ಹೇಳಿಕೊಟ್ಟ ವ್ಯಾಯಾಮವನ್ನು ತಪ್ಪಿಸಬೇಡಿ. ಮನೆಯವರು ನೆನಪು ಮಾಡಿಕೊಡಿ. ಕೊಯ್ಲು ಬಂತೆಂದು ಆ ಕೈಯನ್ನು ಅವಸರದಲ್ಲಿ ಕೆಲಸಕ್ಕೆ ಹೂಡಬೇಡಿ. ಡಾಕ್ಟರು ಹತ್ತು ಹನ್ನೆರಡು ವರ್ಷ ಕಲಿತು ನೆಟ್ಟ ಸಸಿ ಅದು. ನೀರು ಹಾಕಿ ಬೆಳೆಸಿಕೊಳ್ಳುವುದು ನಮ್ಮ ಕೆಲಸ.